ಕೈನೂಲಿನಿಂದ ಹೆಣೆದ ಚೌಕ ಓರೆಯಾಗುತ್ತಿದೆ: ತಪ್ಪು ಕೈಯದೋ, ನೂಲಿನದೋ?

ಕದಿರು-ಕಡ್ಡಿ (ಮಣಿಪಾಲ):

ಎಲ್ಲರಿಗೂ ನಮಸ್ಕಾರ. ಉಣ್ಣೆ ಮತ್ತು ಗಿರಣಿಯ ಹತ್ತಿ ನೂಲಿನಲ್ಲಿ ನಾನು ಹತ್ತು ಹನ್ನೆರಡು ವರ್ಷಗಳಿಂದ ಹೆಣೆಯುತ್ತ ಬಂದಿದ್ದೇನೆ. ನೂಲುವುದನ್ನು ಕಲಿತದ್ದು ಮಾತ್ರ ಕಳೆದ ಬೇಸಿಗೆಯಲ್ಲಿ. ಅಮ್ಮನ ತವರುಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಹಳೆಯ ಪಾತ್ರೆಗಳ ನಡುವೆ ಅಜ್ಜನ ಪೆಟ್ಟಿಗೆ ಚರಕ ಸಿಕ್ಕಿತು. ಗಾಂಧೀಜಿ 1934ರಲ್ಲಿ ಉಡುಪಿಗೆ ಬಂದುಹೋದ ಮೇಲೆ ಅದನ್ನು ಕೊಂಡದ್ದೆಂದು ಮನೆಯಲ್ಲಿ ಹೇಳುತ್ತಾರೆ. ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಸಪೂರ ಕಡ್ಡಿ, ತುಸು ಬಾಗಿತ್ತು, ದಾರವನ್ನು ಇಲಿ ಕಡಿದಿತ್ತು. ಅವೆರಡನ್ನು ಸರಿಪಡಿಸಿದ ಮೇಲೆ ಚಕ್ರ ಎಣ್ಣೆ ಹಾಕಿದ ಹಾಗೆ ತಿರುಗಿತು.

ಹುಬ್ಬಳ್ಳಿಯ ಕಡೆಯಿಂದ ತರಿಸಿದ ಹಂಜಿಯಲ್ಲಿ (ನೂಲಲು ಸಿದ್ಧಮಾಡಿದ ಹತ್ತಿಯ ಸುರುಳಿ) ನೂತ ನೂಲು ನೋಡಲು ಚೆನ್ನಾಗಿಯೇ ಇದೆ. ಹತ್ತು ಗ್ರಾಮಿಗೆ ಸುಮಾರು 150 ಮೀಟರು ಬರುತ್ತಿದೆ. ಒಂಟಿ ಎಳೆ ಬಹಳ ತೆಳುವಾದ್ದರಿಂದ ಎರಡು ಎಳೆಗಳನ್ನು ಜೊತೆಯಾಗಿ ಹಿಡಿದು, ಎರಡೂವರೆ ಮಿಲಿಮೀಟರಿನ ಕಡ್ಡಿಯಲ್ಲಿ 48 ಕುಣಿಕೆ ಹಾಕಿ, ಕೈ ಒರೆಸುವ ಚೌಕವೊಂದನ್ನು ಹೆಣೆಯಲು ತೊಡಗಿದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಅಷ್ಟೇ. ನಾಲ್ಕು ಬೆರಳಗಲ ಮುಗಿಯುವ ಹೊತ್ತಿಗೆ ಅಂಚು ಬಲಕ್ಕೆ ವಾಲತೊಡಗಿತು. ಇಪ್ಪತ್ತು ಸೆಂಟಿಮೀಟರ್ ಮುಗಿದಾಗ ಮೇಲಿನ ಅಂಚು ಕೆಳಗಿನ ಅಂಚಿಗಿಂತ ಮೂರು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದು, ಚೌಕವೆನ್ನುವುದು ಗಾಳಿಪಟದ ಆಕಾರ ತಾಳಿತ್ತು. ಒದ್ದೆ ಮಾಡಿ, ಗುಂಡುಸೂಜಿ ಚುಚ್ಚಿ, ಎಳೆದು ಒಣಗಿಸಿದರೆ ಆ ದಿನ ನೆಟ್ಟಗೆ ನಿಲ್ಲುತ್ತದೆ. ಒಮ್ಮೆ ತೊಳೆದರೆ ಮತ್ತೆ ಓರೆ. ಗಿರಣಿಯ ನೂಲಿನಲ್ಲಿ ನನ್ನ ಕೈ ಎಂದೂ ಹೀಗೆ ಮಾಡಿದ್ದಿಲ್ಲ. ಹೆಣೆಯುವಾಗ ನಾನು ಎಳೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದೇನೆಯೇ, ಅಥವಾ ಚರಕದಲ್ಲಿಯೇ ಏನಾದರೂ ಎಡವಟ್ಟಾಗಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಬಿಜೈ ಹೆಣಿಗೆ:

ನಿಮ್ಮ ಕೈಯನ್ನು ದೂರಬೇಡಿ. ಓರೆ ಇರುವುದು ನೂಲಿನೊಳಗೆ. ಮನೆಯಲ್ಲಿರುವ ಹಳೆಯ ಟೀ ಶರ್ಟೊಂದನ್ನು ಹೊರತೆಗೆದು ನೋಡಿ: ಕೊಳ್ಳುವಾಗ ಪಕ್ಕೆಯಲ್ಲಿದ್ದ ಹೊಲಿಗೆ ಹತ್ತು ಸಲ ಒಗೆದ ಮೇಲೆ ಹೊಟ್ಟೆಯ ಮುಂದಕ್ಕೆ ಬಂದಿರುತ್ತದೆ. ಅದೂ ಒಂಟಿ ಎಳೆಯ ನೂಲಿನಿಂದಲೇ ಹೆಣೆದ ಬಟ್ಟೆ, ಅಲ್ಲಿಯೂ ಇದೇ ಕಾರಣ.

ಹತ್ತಿಯ ನಾರು ಗಿಡ್ಡ. ಅದು ಬಿಚ್ಚಿಹೋಗದಂತೆ ಹಿಡಿದಿಡಲು ಚರಕ ಅದಕ್ಕೆ ಬಿಗಿಯಾದ ತಿರುಪು ಕೊಡುತ್ತದೆ, ಮತ್ತು ಆ ತಿರುಪು ಸದಾ ಒಂದೇ ದಿಕ್ಕಿನದು. ತಿರುಪಿರುವ ಎಳೆಗೆ ಬಿಚ್ಚಿಕೊಳ್ಳುವ ಹಟ ಇದ್ದೇ ಇರುತ್ತದೆ. ಅದನ್ನು ಕುಣಿಕೆಯಾಗಿ ಬಗ್ಗಿಸಿದಾಗ ಕುಣಿಕೆಯ ಎರಡು ಕಾಲುಗಳೂ ಆ ಹಟದ ಕಡೆಗೆ ತುಸು ತಿರುಗುತ್ತವೆ; 48 ಕುಣಿಕೆಗಳು, ನೂರಾರು ಸಾಲುಗಳು, ಎಲ್ಲವೂ ಒಂದೇ ಕಡೆಗೆ. ಎರಡು ಎಳೆಗಳನ್ನು ಜೊತೆಯಾಗಿ ಹಿಡಿದು ಹೆಣೆದದ್ದರಿಂದ ದಪ್ಪ ಹೆಚ್ಚಿತೇ ಹೊರತು ಹಟ ಕಡಿಮೆಯಾಗಲಿಲ್ಲ, ಏಕೆಂದರೆ ಎರಡರ ತಿರುಪೂ ಒಂದೇ ದಿಕ್ಕಿನದು. ಜೋಡಿಸುವುದು ಬೇರೆ, ಹುರಿ ಮಾಡುವುದು ಬೇರೆ. ಹುರಿ ಎಂದರೆ ಎಳೆಗಳನ್ನು ಸೇರಿಸಿ, ನೂತ ದಿಕ್ಕಿಗೆ ವಿರುದ್ಧವಾಗಿ ತಿರುಚುವುದು. ಆಗ ಒಂದರ ಹಟವನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಪರೀಕ್ಷಿಸುವುದು ಸುಲಭ. ಆಗಷ್ಟೇ ನೂತ ಎಳೆಯನ್ನು ಎರಡು ಮೊಳ ಬಿಚ್ಚಿ, ಎರಡು ತುದಿಗಳನ್ನೂ ಒಂದೇ ಕೈಯಲ್ಲಿ ಹಿಡಿದು, ನಡುಭಾಗವನ್ನು ತೂಗುಬಿಡಿ. ಅದು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು ಹಗ್ಗದಂತಾಗುತ್ತದೆ. ನಿಮ್ಮ ನೂಲು ಎಷ್ಟು ಹುರಿ ಬೇಡುತ್ತದೆ ಎಂಬುದನ್ನು ಆ ಸುರುಳಿಯೇ ತೋರಿಸುತ್ತದೆ. ಹುರಿ ಮಾಡಿದ ನೂಲನ್ನು ಹಾಗೆಯೇ ತೂಗುಬಿಟ್ಟಾಗ ಅದು ಉಯ್ಯಾಲೆಯ ಹಗ್ಗದಂತೆ ಬಾಯಿ ತೆರೆದು ಸುಮ್ಮನೆ ತೂಗಿದರೆ ಸಮವಾಗಿದೆ ಎಂದರ್ಥ.

ನಿಮ್ಮ ಲೆಕ್ಕದ ಪ್ರಕಾರ ನೂಲು ಸುಮಾರು 9 ಕೌಂಟಿನದು. ಒಂದು ಪೌಂಡಿನಲ್ಲಿ 840 ಗಜದ ಲಡಿಗಳು (ಸುತ್ತಿ ಕಟ್ಟಿದ ನೂಲಿನ ಕಟ್ಟುಗಳು) ಎಷ್ಟು ಬರುತ್ತವೆ ಎಂಬುದೇ ಕೌಂಟ್. ಹೊಸದಾಗಿ ಕಲಿತವರ ಕೈಗೆ ಇದು ಒಳ್ಳೆಯ ನೂಲು. ನಾಲ್ಕು ಎಳೆ ಸೇರಿಸಿ ಹುರಿ ಮಾಡಿದರೆ ನೂರು ಗ್ರಾಮಿಗೆ 375 ಮೀಟರಿಗೆ ತುಸು ಕಡಿಮೆ ಬರುತ್ತದೆ; ಮೂರು ಮಿಲಿಮೀಟರಿನ ಕಡ್ಡಿಗೆ ಹೇಳಿಮಾಡಿಸಿದಂತಿರುತ್ತದೆ.

ಕಾರ್ಕಳದ ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಅಪ್ಪ ಉಪಾಕರ್ಮಕ್ಕೆ ಮೊದಲು ಜನಿವಾರಕ್ಕೆ ಬೇಕಾದ ನೂಲನ್ನು ತಕಲಿಯಲ್ಲಿ (ಕೈಯಲ್ಲೇ ತಿರುಗಿಸುವ, ಬಿಲ್ಲೆಯಿರುವ ನೂಲುವ ಕಡ್ಡಿ) ತಾವೇ ನೂಲುತ್ತಿದ್ದರು. ನೂತ ಎಳೆಯನ್ನು ನಾಲ್ಕು ಬೆರಳುಗಳಿಗೆ 96 ಸುತ್ತು ಸುತ್ತಿ ಅಳತೆ ಹಿಡಿಯುವುದು ಕ್ರಮ. ಆಮೇಲೆ ಮೂರು ಎಳೆ ಸೇರಿಸಿ ಒಂದು ದಿಕ್ಕಿಗೆ ಹುರಿ, ಅಂಥ ಮೂರು ಹುರಿಗಳನ್ನು ಸೇರಿಸಿ ಅದರ ವಿರುದ್ಧ ದಿಕ್ಕಿಗೆ ಇನ್ನೊಂದು ಹುರಿ. ಒಟ್ಟು ಒಂಬತ್ತು ಎಳೆ. ವರ್ಷವಿಡೀ ಬೆವರು, ಎಣ್ಣೆ, ಸ್ನಾನದ ನೀರು ಎಲ್ಲವನ್ನೂ ತಾಳಿಕೊಂಡು ಅದು ಮೈಮೇಲೆ ಸಿಕ್ಕುಗಟ್ಟದೆ ಇರುವುದು ಈ ಎದುರುಬದುರು ತಿರುಪಿನಿಂದ. ಚಿಕ್ಕಂದಿನಲ್ಲಿ ಚಾವಡಿಯ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಳೆ ಹಿಡಿದು ನಿಲ್ಲುವ ಕೆಲಸ ನನ್ನದು. ಕೈ ಸಡಿಲಿಸಿದರೆ ಎಳೆ ತಟಕ್ಕನೆ ಗಂಟು ಗಂಟಾಗುತ್ತಿತ್ತು, ಅಪ್ಪನಿಂದ ಬೈಗುಳವೂ ಸಿಗುತ್ತಿತ್ತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಪೆಟ್ಟಿಗೆ ಚರಕದ ಸಪೂರ ಕದಿರಿನ ಮೇಲೆ ನಾಲ್ಕೆಳೆಯ ಹುರಿ ಹೆಚ್ಚು ಹಿಡಿಯುವುದಿಲ್ಲ. ಅದಕ್ಕಾಗಿ ಒಂದು ದೊಡ್ಡ ತಕಲಿ ಮಾಡಿಕೊಳ್ಳಿ. ಎರಡು ಹಳೆಯ ಸೀಡಿಗಳನ್ನು ಅಂಟಿಸಿ, ನಡುವಿನ ತೂತಿಗೆ ರಬ್ಬರು ಸುತ್ತಿದ ಮರದ ಕಡ್ಡಿ ತೂರಿಸಿ, ತುದಿಗೊಂದು ಕೊಕ್ಕೆ ಸಿಕ್ಕಿಸಿದರೆ ಸಾಕು. ನಾಲ್ಕು ಉಂಡೆಗಳು ಒಂದರೊಳಗೊಂದು ಸಿಕ್ಕಿಕೊಳ್ಳದಿರಲು ನಾನು ಗೆರಟೆ ಬಳಸುತ್ತೇನೆ. ತೆಂಗಿನಕಾಯಿಯ ಕಣ್ಣಿರುವ ಹೋಳನ್ನು ಉಂಡೆಯ ಮೇಲೆ ಬೋರಲು ಹಾಕಿ, ಮೆತ್ತಗಿನ ಕಣ್ಣನ್ನು ಚುಚ್ಚಿ, ಆ ತೂತಿನಿಂದ ಎಳೆಯನ್ನು ಮೇಲಕ್ಕೆ ಬಿಡಬೇಕು. ತೂತಿನ ಅಂಚನ್ನು ಮರಳುಕಾಗದದಿಂದ ಚೆನ್ನಾಗಿ ಉಜ್ಜದಿದ್ದರೆ ಎಳೆ ಅಲ್ಲಿಯೇ ತುಂಡಾಗುತ್ತದೆ. ನಾಲ್ಕು ಗೆರಟೆ, ನಾಲ್ಕು ಎಳೆ, ನಾಲ್ಕೂ ನಿಮ್ಮ ಎಡಗೈಯ ಬೆರಳುಗಳ ಸಂದಿಯಿಂದ ಹಾಯ್ದು ತಕಲಿಗೆ. ಒಂದು ಎಳೆ ಸಡಿಲವಾದರೂ ಅದು ಉಳಿದ ಮೂರನ್ನು ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಅವಸರ ಬೇಡ.

ಸುರತ್ಕಲ್ ನೂಲುಂಡೆ:

ನನಗೆ ಗೊತ್ತಿರುವ ಸುಲಭದ ಉಪಾಯವೆಂದರೆ ಗಂಜಿ. ನೂಲನ್ನು ತಿಳಿಗಂಜಿಯಲ್ಲಿ ಅದ್ದಿ, ಹಿಂಡಿ, ಎಳೆದು ಕಟ್ಟಿ ಒಣಗಿಸಿದರೆ ಸುರುಳಿ ಸುತ್ತುವುದು ನಿಂತುಹೋಗುತ್ತದೆ. ಉಡುಪಿ ಸೀರೆ ನೇಯುವವರೂ ಹಾಸಿನ ಎಳೆಗಳಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ, ಗಂಜಿ ಕೊಡುತ್ತಾರಲ್ಲವೇ? ಹುರಿ ಮಾಡುವ ಇಷ್ಟೆಲ್ಲ ತಾಪತ್ರಯ ಏಕೆ? ಇನ್ನೊಂದು ಮಾತು: ನಮ್ಮ ಹಿತ್ತಿಲಿನ ಬೂರುಗದ ಮರದಲ್ಲಿ ಬೇಕಾದಷ್ಟು ಹತ್ತಿ ಬಿಡುತ್ತದೆ, ಅದನ್ನೇ ನೂಲಬಹುದೇ?

ಬಿಜೈ ಹೆಣಿಗೆ:

ಮಾರಾಯ್ರೇ, ಮಗ್ಗದ ಗಂಜಿಯನ್ನು ಹೆಣಿಗೆಗೆ ತರಬೇಡಿ. ನೇಕಾರರು ಗಂಜಿ ಕೊಡುವುದು ಹಾಸಿನ ಎಳೆಗಳು ಮಗ್ಗದ ಅಚ್ಚಿನ (ಎಳೆಗಳು ಹಾಯುವ ಬಾಚಣಿಗೆಯಂಥ ಭಾಗ) ಹಲ್ಲುಗಳಿಗೆ ಉಜ್ಜಿ ತುಂಡಾಗಬಾರದೆಂದು. ಅಲ್ಲಿ ಎಳೆ ಬಿಗಿಯಾಗಿ ನೆಟ್ಟಗೆ ನಿಂತಿರುತ್ತದೆ, ಬಾಗುವ ಪ್ರಮೇಯವೇ ಇಲ್ಲ. ಹೆಣಿಗೆಯಲ್ಲಿ ಎಳೆ ಹೆಜ್ಜೆ ಹೆಜ್ಜೆಗೂ ಬಾಗಬೇಕು. ಗಂಜಿ ಹಾಕಿದ ಎಳೆ ತಂತಿಯಂತಾಗಿ ಕಡ್ಡಿಯ ಮೇಲೆ ಜಾರುವುದಿಲ್ಲ, ಮೊದಲ ಒಗೆತಕ್ಕೆ ಗಂಜಿ ಹೋಗಿ ಓರೆ ಮರಳಿ ಬರುತ್ತದೆ. ಮೇಲಾಗಿ ಮಳೆಗಾಲದಲ್ಲಿ ಗಂಜಿ ಹಿಡಿದ ಹತ್ತಿಯನ್ನು ಕಪಾಟಿನಲ್ಲಿಟ್ಟರೆ ವಾರದೊಳಗೆ ಬೂಷ್ಟು ಬರುವುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅದೂ ನಮ್ಮ ಕುಚ್ಚಲಕ್ಕಿ ಗಂಜಿಯಾದರೆ ನೂಲಿನ ಬಣ್ಣವೂ ಕೆಡುತ್ತದೆ.

ಬೂರುಗದ್ದು ತಲೆದಿಂಬಿಗೆ ಸರಿ. ಅದರ ನಾರು ಟೊಳ್ಳು, ನುಣುಪು. ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ತಿರುಚಿದರೆ ಮುರಿಯುತ್ತದೆ.

ಗಂಜಿಯ ಬದಲು ಕುದಿಸಿ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಸ್ವಲ್ಪ ಬಟ್ಟೆ ಸೋಪು ಮತ್ತು ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಬೇಕು. ನೀರು ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹತ್ತಿಯ ಮೈಮೇಲಿನ ಮೇಣ ಬಿಡುತ್ತಿದೆ ಎಂದರ್ಥ. ಆ ಮೇಣ ಹೋದ ಮೇಲೆಯೇ ಹತ್ತಿ ನೀರು ಹೀರುವುದು, ಹಾಗಾಗಿ ಕೈ ಒರೆಸುವ ಚೌಕಕ್ಕೆ ಇದು ಹೇಗೂ ಬೇಕು. ಕುದಿಸಿದ ಲಡಿಯನ್ನು ತೊಳೆದು, ನೀರು ತುಂಬಿದ ಸಣ್ಣ ಚೊಂಬೊಂದನ್ನು ಕೆಳಗೆ ತೂಗುಹಾಕಿ ಒಣಗಿಸಿ. ಇದರಿಂದ ತಿರುಪಿನ ಹಟ ಬಹಳಷ್ಟು ಇಳಿಯುತ್ತದೆ, ಆದರೆ ಒಂಟಿ ಎಳೆಯಲ್ಲಿ ಪೂರ್ತಿ ಹೋಗುವುದಿಲ್ಲ. ಹುರಿ ಮಾಡಿ ಕುದಿಸಿದರೆ ಮಾತ್ರ ನೆಮ್ಮದಿ. ಒದ್ದೆಯಾದರೆ ಹತ್ತಿಯ ಬಲ ಕುಂದುವುದಿಲ್ಲ, ಹೆಚ್ಚುತ್ತದೆ, ಆದ್ದರಿಂದ ಎಳೆ ಹರಿದೀತೆಂಬ ಭಯ ಬೇಡ. ಒಣಗಿಸುವಾಗ ಬಚ್ಚಲ ಒಲೆಯ ಮೇಲೆ ಕಟ್ಟಬೇಡಿ. ನಾನೊಮ್ಮೆ ಜುಲೈ ತಿಂಗಳಲ್ಲಿ ಹಾಗೆ ಮಾಡಿ, ಅರ್ಧ ಕಿಲೋ ನೂಲಿಗೆ ಹಿಡಿದ ಹೊಗೆಯ ವಾಸನೆಯನ್ನು ದೀಪಾವಳಿಯವರೆಗೂ ತೊಳೆಯುತ್ತಿದ್ದೆ.

ಕುಂದಾಪ್ರದ ಕೈಗೆಲಸ:

ಅಕ್ಕ, ಈಗಾಗಲೇ ನೂತಿಟ್ಟಿರುವ ಒಂಟಿ ಎಳೆಯನ್ನು ಎಸೆಯಬೇಕಾಗಿಲ್ಲ. ಓರೆ ಎದ್ದು ಕಾಣುವುದು ಒಂದು ಮುಖ ಪೂರ್ತಿ ಸೀದಾ, ಇನ್ನೊಂದು ಮುಖ ಪೂರ್ತಿ ಉಲ್ಟಾ ಇರುವ ಹೆಣಿಗೆಯಲ್ಲಿ. ಎಲ್ಲ ಸಾಲನ್ನೂ ಸೀದಾ ಹೆಣೆದರೆ, ಅಥವಾ ಒಂದು ಸೀದಾ ಒಂದು ಉಲ್ಟಾ ಎಂದು ಹೆಣೆದು ಮುಂದಿನ ಸಾಲಿನಲ್ಲಿ ಅದನ್ನು ಅದಲುಬದಲು ಮಾಡಿದರೆ, ಎರಡು ಮುಖಗಳ ವಾಲುವಿಕೆ ಪರಸ್ಪರ ವಜಾ ಆಗುತ್ತದೆ. ನಾನು ಮೂರು ವರ್ಷಗಳಿಂದ ಒಂಟಿ ಎಳೆಯಲ್ಲಿ ಪಾತ್ರೆ ತಿಕ್ಕುವ ಚೌಕಗಳನ್ನು ಹೀಗೆಯೇ ಹೆಣೆಯುತ್ತಿದ್ದೇನೆ, ಒಂದೂ ವಾಲಿಲ್ಲ.

ಹಂಜಿಯ ವಿಚಾರವನ್ನೂ ಕೇಳಿ ತಿಳಿದುಕೊಳ್ಳಿ. ಜಯಧರದಂಥ ದೇಸಿ ಹತ್ತಿಯ ನಾರು ಗಿಡ್ಡವಾದ್ದರಿಂದ ಅದು ಹೆಚ್ಚು ತಿರುಪು ಬೇಡುತ್ತದೆ. ಡಿಸಿಎಚ್-32ರಂಥ ಉದ್ದ ನಾರಿನ ತಳಿ ಕಡಿಮೆ ತಿರುಪಿನಲ್ಲಿಯೇ ನಿಲ್ಲುತ್ತದೆ. ಘಟ್ಟದ ಮೇಲಿನಿಂದ ತರಿಸುವವರು ನಾವು, ಆದ್ದರಿಂದ ಯಾವ ಹತ್ತಿ ಎಂದು ಮೊದಲೇ ಕೇಳುವುದು ಒಳ್ಳೆಯದು. ಒಮ್ಮೆ ಅಂಗಡಿಯೊಂದರವರು ಉದ್ದ ನಾರಿನದೆಂದು ಹೇಳಿ ಕಳುಹಿಸಿದ ಹಂಜಿಯಲ್ಲಿ ಅರ್ಧಕ್ಕರ್ಧ ಗಿರಣಿಯ ತ್ಯಾಜ್ಯವಿತ್ತು. ಬೆರಳಿನ ನಡುವೆ ಎಳೆದಾಗಲೇ ಗೊತ್ತಾಯಿತು. ಆಷಾಢದ ಮಳೆಯಲ್ಲಿ ಹಂಜಿ ತೇವ ಕುಡಿದು ಮುದ್ದೆಯಾದರೆ ಎಳೆ ಸರಾಗವಾಗಿ ಬಿಡುವುದಿಲ್ಲ, ನಾವು ಗೊತ್ತಿಲ್ಲದೆಯೇ ಚಕ್ರವನ್ನು ಇನ್ನೆರಡು ಸುತ್ತು ಹೆಚ್ಚು ತಿರುಗಿಸುತ್ತೇವೆ. ಹಂಜಿಯನ್ನು ಅಕ್ಕಿಯ ಡಬ್ಬಿಯಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಂದು ಸಲಕ್ಕೆ ನಾಲ್ಕೈದನ್ನು ಮಾತ್ರ ಹೊರತೆಗೆಯಿರಿ.

ಕದಿರು-ಕಡ್ಡಿ (ಮಣಿಪಾಲ):

ಎಲ್ಲರಿಗೂ ಧನ್ಯವಾದಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡಿಯೇ ಬರೆಯಬೇಕೆಂದಿದ್ದೆ. ಮೇಷ್ಟ್ರು ಹೇಳಿದ ಗೆರಟೆಯ ಉಪಾಯ ಚೆನ್ನಾಗಿ ನಡೆಯಿತು, ಮೂರನೆಯ ಗೆರಟೆಯ ತೂತನ್ನು ಸರಿಯಾಗಿ ಉಜ್ಜದೆ ಆರು ಸಲ ಎಳೆ ಕಡಿದುಕೊಂಡದ್ದನ್ನು ಬಿಟ್ಟರೆ. ಮೊದಲ ಸಲ ಹುರಿ ಹೆಚ್ಚಾಗಿ ನೂಲು ಈ ಬಾರಿ ವಿರುದ್ಧ ದಿಕ್ಕಿಗೆ ಸುರುಳಿ ಸುತ್ತಿತು. ಅದನ್ನು ಮತ್ತೆ ತಕಲಿಗೆ ಕಟ್ಟಿ, ತೂಗುಬಿಟ್ಟರೆ ಬಾಯಿ ತೆರೆದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿದೆ. ಕುದಿಸಿದಾಗ ನೀರು ನಿಜವಾಗಿಯೂ ಚಹಾದಂತೆಯೇ ಆಯಿತು. ಅಮ್ಮ ಅದನ್ನು ಕಂಡು ಪಾತ್ರೆಯನ್ನು ಮೂರು ಸಲ ತೊಳೆಸಿದರು.

ಮೂರು ಮಿಲಿಮೀಟರಿನ ಕಡ್ಡಿಯಲ್ಲಿ 40 ಕುಣಿಕೆ ಹಾಕಿ, ಮತ್ತೆ ಅದೇ ಸೀದಾ-ಉಲ್ಟಾ ಹೆಣೆದೆ. ಎರಡು ಸಲ ತೊಳೆದು, ನೆಲದ ಟೈಲಿನ ಗೆರೆಗೆ ಹೊಂದಿಸಿಟ್ಟು ನೋಡಿದರೆ ಮೇಲಿನ ಅಂಚು ಕೆಳಗಿನ ಅಂಚಿನ ನೇರಕ್ಕೇ ಇದೆ. ಉಳಿದ ಒಂಟಿ ಎಳೆಯಲ್ಲಿ ಕುಂದಾಪುರದವರು ಹೇಳಿದಂತೆ ಎಲ್ಲ ಸಾಲೂ ಸೀದಾ ಹೆಣೆಯುತ್ತಿದ್ದೇನೆ. ಗಾಳಿಪಟದ ಆಕಾರದ ಹಳೆಯ ಚೌಕವನ್ನು ಬಿಚ್ಚಲು ಮನಸ್ಸು ಬರಲಿಲ್ಲ; ಈಗ ಅದನ್ನು ದೋಸೆ ಕಾವಲಿಯ ಹಿಡಿಗೆ ಬಳಸುತ್ತಿದ್ದೇವೆ.