ಮಣ್ಣು ತೆಗೆದು ರಬ್ಬರು ಹಾಸಿದ ಕಥೆ

"ತಜ್ಞರು ಬಂದಿದ್ದರು," ಎಂದು ಶೀನ ಕವಳದ ತಟ್ಟೆಯನ್ನು ನಮ್ಮ ಕಡೆ ಸರಿಸಿದ. "ಉಪ್ಪರಿಗೆಯಲ್ಲಿ ಯಾರಾದರೂ ನಡೆದರೆ ಕೆಳಗಿನ ಕೋಣೆಯವರಿಗೆ ತಲೆಯ ಮೇಲೆಯೇ ನಡೆದಂತಾಗುತ್ತದಂತೆ. ಹೋಂಸ್ಟೇಗೆ ಬಂದವರೆಲ್ಲ ಅದನ್ನೇ ಬರೆದಿಟ್ಟು ಹೋಗುತ್ತಾರೆ. ಇನ್ನು ಸದ್ದು ತಡೆಯುವ ನೆಲ ಮಾಡಿಸುವುದೇ ಸೈ."

ತೀರ್ಥಹಳ್ಳಿ ಕಡೆಯ ಜಡಿಮಳೆ. ಜಗಲಿಯಲ್ಲಿ ಮೂವರೂ ಕೂಗಿಯೇ ಮಾತನಾಡುತ್ತಿದ್ದೆವು.

"ಹಂಚಿನ ಮೇಲಿನ ಈ ಮಳೆಗೆ ಏನು ಹೇಳಿದರು?" ಎಂದೆ.

"ಅದು ಪ್ರಕೃತಿಯಂತೆ. ಅದಕ್ಕೆ ಬಾಡಿಗೆ ಹೆಚ್ಚಿಸಬಹುದಂತೆ."

"ಏನೇನು ಹಾಕುತ್ತಾರೆ?" ಎಂದರು ಮೇಷ್ಟ್ರು.

ಶೀನ ಬೆರಳು ಮಡಿಸಿದ. ಹೆಜ್ಜೆಯ ಪೆಟ್ಟು ಮರಕ್ಕೆ ಇಳಿಯದಂತೆ ಹಲಗೆಯ ಮೇಲೆ ರಬ್ಬರಿನ ಹಾಸು. ಜಂತೆಗಳ ನಡುವೆ ರಾಕ್‌ವೂಲ್ ಎಂಬ ಕಲ್ಲಿನ ಉಣ್ಣೆಯ ಹಾಸಿಗೆ. ಕೆಳಗೆ ಎರಡು ಪದರ ಜಿಪ್ಸಂ ಹಲಗೆ, ಅದೂ ಜಂತೆಗೆ ನೇರವಾಗಿ ತಾಗದಂತೆ ತಗಡಿನ ಪಟ್ಟಿಗೆ ತೂಗುಹಾಕಬೇಕು. "ಮಾತಿನ ಸದ್ದು ನಿಲ್ಲಬೇಕಾದರೆ ನೆಲಕ್ಕೆ ತೂಕ ಬೇಕು ಮಾರಾಯ. ತೂಕ ಇಮ್ಮಡಿಯಾದರೆ ಲೆಕ್ಕದಲ್ಲಿ ಸುಮಾರು 6 ಡೆಸಿಬಲ್ ಇಳಿಯುತ್ತದಂತೆ."

"ತೂಕವೇ? ಹೋದ ವರ್ಷ ಇದೇ ಮುಚ್ಚಿಗೆಯಿಂದ ಎಷ್ಟು ಬುಟ್ಟಿ ಮಣ್ಣು ಹೊರಿಸಿದೆ?"

ಶೀನ ತಲೆ ತಗ್ಗಿಸಿ ಅಡಿಕೆ ಕತ್ತರಿಸತೊಡಗಿದ.

ಅವನ ಅಜ್ಜ ಹಲಗೆಯ ಮೇಲೆ ಗೇಣುದ್ದ ಮಣ್ಣು ಮೆತ್ತಿಸಿದ್ದರು. ಮರ ಕಾಣಬೇಕು, ಪಾಲಿಶ್ ಹೊಳೆಯಬೇಕು, ಅತಿಥಿಗಳು ಫೋಟೋ ತೆಗೆಯಬೇಕು ಎಂದು ಇವನು ಅಷ್ಟನ್ನೂ ಕೆರೆಸಿ ತೋಟಕ್ಕೆ ಹಾಕಿಸಿದ್ದ. ಈಗ ಅವನ ಅಡಿಕೆ ಮರಗಳಿಗೆ ಉಪ್ಪರಿಗೆಯ ಸದ್ದು ಒಂದಿಷ್ಟೂ ಕೇಳಿಸುವುದಿಲ್ಲ.

"ಸ್ಕಾಟ್ಲೆಂಡಿನಲ್ಲೂ ಹಿಂದೆ ಜಂತೆಗಳ ನಡುವೆ ಬೂದಿ, ಮರಳು ತುಂಬುತ್ತಿದ್ದರು," ಎಂದರು ಮೇಷ್ಟ್ರು. "ಅದಕ್ಕೆ ಅವರಿಟ್ಟ ಹೆಸರಿನ ಅರ್ಥವೇ ಕಿವುಡು ಮಾಡುವುದು ಎಂದು."

"ನಮ್ಮಲ್ಲಿ ಮನೆಯ ಯಜಮಾನರು ತಾವೇ ಕಿವುಡಾಗುತ್ತಿದ್ದರು. ಖರ್ಚು ಕಡಿಮೆ," ಎಂದೆ.

"ದಪ್ಪ ಜಮಖಾನ ಹಾಸಿದರೆ ಸಾಲದೇ?" ಮೇಷ್ಟ್ರು ಬಿಡಲಿಲ್ಲ.

"ಹೆಜ್ಜೆಗೆ ಸಾಕು, ಹರಟೆಗೆ ಸಾಲದು. ಅದನ್ನೂ ಕೇಳಿದ್ದೇನೆ," ಎಂದ ಶೀನ.

"ಹಾಗಾದರೆ ಆ ಮಣ್ಣನ್ನೇ ಮತ್ತೆ ಹೊರಿಸು. ತಜ್ಞರ ಕೈಯಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರು ಇಡಿಸಿದರಾಯಿತು. ಬಿಲ್ಲೂ ದೊಡ್ಡದಾಗುತ್ತದೆ, ನಿನಗೂ ಸಮಾಧಾನ."

ಶೀನನಿಗೆ ನಗು ಬರಲಿಲ್ಲ. ಎಲೆಗೆ ಸುಣ್ಣ ಸವರುತ್ತ ಕೂತ.

"ಎಷ್ಟು ಮಾಡಿದರೂ ಒಂದು ಸಂದು ಉಳಿದರೆ ಸದ್ದು ಅಲ್ಲಿಂದಲೇ ನುಸುಳುತ್ತದಂತೆ. ಮೆಟ್ಟಿಲ ಬಾಯಿಗೆ ಬಾಗಿಲಿಟ್ಟು, ಸುತ್ತ ರಬ್ಬರಿನ ಅಂಚು ಕೊಡಬೇಕು ಎಂದರು. ಅದೊಂದು ಬೇಡ ಎಂದೆ."

"ಅದೇಕೆ? ಇಷ್ಟೆಲ್ಲ ಮಾಡಿಸಿ?"

"ಅಪ್ಪ ಮೇಲೆ ಮಲಗುತ್ತಿದ್ದರಲ್ಲ. ಬೆಳಗಿನ ಜಾವ ಕೆಮ್ಮಿದರೆ ಮೆಟ್ಟಿಲ ಸಂದಿನಿಂದ ಕೆಳಗೆ ಕೇಳಿಸುತ್ತಿತ್ತು. ಅಮ್ಮ ಎದ್ದು ಕಾಫಿಗೆ ನೀರಿಡುತ್ತಿದ್ದಳು."

ಮಳೆ ತುಸು ಹೊಳವಾಯಿತು. ಆದರೂ ಯಾರೂ ಮಾತನಾಡಲಿಲ್ಲ.

"ಮೊನ್ನೆ ಮೇಲಿದ್ದ ಬೆಂಗಳೂರಿನವನೊಬ್ಬ ನಾಲ್ಕೂವರೆಗೆ ಕೆಮ್ಮಿದ," ಎಂದ ಶೀನ. "ನಾನು ಎದ್ದು ಬಂದು ನೋಡಿದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು."