ಸಹಾಯ ಬೇಕು: ಬ್ರಾಂಡೆನ್‌ಬರ್ಗ್ 3ರ ನಡುವಿನ ಭಾಗ

ಜರ್ಮನ್ ಸಂಗೀತಗಾರ ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳ (ವಾದ್ಯಮೇಳಕ್ಕೆ ಬರೆದ ಕೃತಿಗಳು, 1721) ರೆಕಾರ್ಡಿಂಗ್‌ಗಳನ್ನ ಹೋಲಿಸಿ ಕೇಳ್ತಿದ್ದೀನಿ. ವಾದ್ಯಮೇಳ ನಿರ್ದೇಶಕರಲ್ಲಿ ಕಾರ್ಲ್ ರಿಕ್ಟರ್ ಅವರದು ಇಂದಿನ ವಾದ್ಯಗಳಲ್ಲಿ, ತುಂಬು ನಾದ. ಟ್ರೆವರ್ ಪಿನ್ನಾಕ್ ಅವರದು ಹಳೇ ಮಾದರಿ ವಾದ್ಯಗಳಲ್ಲಿ, ಅರ್ಧ ಸ್ವರ ಕೆಳಗೆ. ಈ ಶ್ರುತಿ ವ್ಯತ್ಯಾಸ (ಇಂದಿನದು 440, ಹಳೇದು 415 ಹರ್ಟ್ಸ್) ಓದಿ ಅರ್ಥ ಆಯ್ತು.

ತಲೆ ಓಡದೇ ಇರೋದು ಮೂರನೇ ಕನ್ಸರ್ಟೊದ ನಡುವಿನ ಭಾಗದಲ್ಲಿ. ಸ್ವರಲಿಪಿ ತೆಗೆದು ನೋಡಿದ್ರೆ 'ಅಡಾಜಿಯೊ' (ನಿಧಾನವಾಗಿ) ಅಂತ ಬರೆದು ಒಂದೇ ಬಾರ್ (ತಾಳದ ಒಂದು ಸುತ್ತು), ಎರಡೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು)! ಕೆಲವರು ಅಷ್ಟನ್ನೇ ನುಡಿಸಿ ಮುಂದಕ್ಕೆ ಹೋಗ್ತಾರೆ. ಕೆಲವರು ಪಿಟೀಲಲ್ಲೋ ಹಾರ್ಪ್ಸಿಕಾರ್ಡಲ್ಲೋ (ಪಿಯಾನೊ ಥರದ ಹಳೇ ವಾದ್ಯ) ಮನೋಧರ್ಮ ಬೆಳೆಸ್ತಾರೆ. ಇನ್ನು ಕೆಲವರು ಬಾಖ್‌ನದೇ ಬೇರೆ ಕೃತಿಯ ನಿಧಾನಗತಿಯ ಭಾಗ ತಂದು ಸೇರಿಸ್ತಾರೆ, ಅದು ನನಗೆ ಒಗ್ಗಲಿಲ್ಲ.

ಕೇಳಿರೋರು ದಯವಿಟ್ಟು ಹೇಳಿ: ಹಳೇ ವಾದ್ಯಗಳಲ್ಲಿ, ಆ ಎರಡು ಕಾರ್ಡ್‌ಗೆ ಪಿಟೀಲಿನ ಚಿಕ್ಕ ಮನೋಧರ್ಮ ಮಾತ್ರ ಸೇರಿಸಿರೋ ಒಳ್ಳೇ ರೆಕಾರ್ಡಿಂಗ್ ಯಾವುದು?