ಸಹಾಯ ಬೇಕು: ತೇಗದ ನೆಲಕ್ಕೆ ಹೊಳಪಿಲ್ಲದ ಪಾಲಿಷ್ ಯಾವುದು?

ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮ ಹಳೆಯ ಮನೆಯ ಉಪ್ಪರಿಗೆಯಲ್ಲಿ ತೇಗದ ಹಲಗೆಯ ನೆಲವಿದೆ. ಅಜ್ಜನ ಕಾಲದಲ್ಲಿ ಬಳಿದ ಗೇರೆಣ್ಣೆಯ (ಗೇರುಬೀಜದ ಸಿಪ್ಪೆಯ ಎಣ್ಣೆ) ಕಪ್ಪನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಸಿದಾಗ ಒಳಗಿನ ಜೇನುಬಣ್ಣ ಕಂಡು ಬೆರಗಾದೆವು. ಆ ಬಣ್ಣ ಹಾಗೆಯೇ ಉಳಿಯಬೇಕು, ಅಷ್ಟೇ ಆಸೆ.

ಮೂಲೆಯ ಎರಡು ಹಲಗೆಗಳಿಗೆ ಅಗಸೆ ಎಣ್ಣೆ ಹಚ್ಚಿ ನೋಡಿದೆ. ಬಣ್ಣ ಗಾಢವಾಯಿತು; ಮಳೆಗಾಲವಾದ್ದರಿಂದ ವಾರವಾದರೂ ಅಂಟು ಹೋಗಲಿಲ್ಲ. ಬಡಗಿ ಹೊಡೆದ ಪಾಲಿಯುರೆಥೇನ್ ಪಾಲಿಷ್ ಮದುವೆಮಂಟಪದ ಕುರ್ಚಿಯಂತೆ ಮಿನುಗುತ್ತದೆ. ಅವರಿಗೆ ಅದೇ ಚೆಂದ! ನೀರು ಆಧಾರಿತ ಮ್ಯಾಟ್ (ಹೊಳಪಿಲ್ಲದ) ಪಾಲಿಯುರೆಥೇನ್ ಹಳದಿಯಾಗುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಆದರೆ ತೇಗದ ಮರದಲ್ಲೇ ಎಣ್ಣೆಯಂಶವಿರುತ್ತದಲ್ಲ, ಅದರ ಮೇಲೆ ಇದು ಹಿಡಿದೀತೇ ಎಂಬುದೇ ಗೊಂದಲ.

ತೇಗದ ನೆಲಕ್ಕೆ ಇದನ್ನು ಹಾಕಿಸಿದವರು ಯಾರಾದರೂ ಇದ್ದೀರಾ? ಎರಡು ಮಳೆಗಾಲ ಕಳೆದರೂ ಸಿಪ್ಪೆ ಏಳದೆ ನಿಂತಿದೆಯೇ? ಮೊದಲ ಕೋಟ್‌ಗೆ ಮುಂಚೆ ತಿನ್ನರ್‌ನಿಂದ ಒರೆಸಬೇಕೇ?